ಬರೋಲೋದಲ್ಲಿ ಒಂದು ಮಧ್ಯಾಹ್ನ

ನಿನ್ನೆ ಇಟಲಿಯ ಬರೋಲೋ ಊರಿನ ಹತ್ತಿರ ಒಂದು ಸಣ್ಣ ವೈನರಿಗೆ ಹೋಗಿದ್ದೆವು. ಅಪ್ಪ, ಮಗಳು ಇಬ್ಬರೇ ನಡೆಸುವುದು. ಮನೆಯ ಕೆಳಗೇ ನೆಲಮಾಳಿಗೆ. ಮೆಟ್ಟಿಲು ಇಳಿಯುತ್ತಿದ್ದ ಹಾಗೆ ಮೈ ತಣ್ಣಗಾಯಿತು, ಒದ್ದೆ ಮರದ ವಾಸನೆ, ಎರಡೂ ಕಡೆ ಆಳೆತ್ತರ ಮೀರಿದ ಓಕ್ ಪೀಪಾಯಿಗಳು, ಒಂದೊಂದರ ಮೇಲೂ ಸೀಮೆಸುಣ್ಣದಲ್ಲಿ ಬರೆದ ವರ್ಷ.

ವೈನಿಗೆ ಬರೋಲೋ ಅಂತ ಹೆಸರು ಹಾಕಬೇಕಾದರೆ ಬರೀ ನೆಬ್ಬಿಯೋಲೋ ದ್ರಾಕ್ಷಿಯಿಂದಲೇ ಮಾಡಬೇಕು, ಕನಿಷ್ಠ 38 ತಿಂಗಳು ಕಾಯಬೇಕು, ಅದರಲ್ಲಿ 18 ತಿಂಗಳು ಮರದ ಪೀಪಾಯಿಯಲ್ಲೇ ಇರಬೇಕು. ಅಂದರೆ ಈ ಅಕ್ಟೋಬರಿನಲ್ಲಿ ಕೊಯ್ದ ಹಣ್ಣು ಮಾರಾಟಕ್ಕೆ ಬರುವಷ್ಟರಲ್ಲಿ ಮೂರು ವರ್ಷ ದಾಟಿರುತ್ತದೆ! ಅಲ್ಲಿಯವರೆಗೆ ಮನೆ ಖರ್ಚು, ಕೂಲಿ ಎಲ್ಲ ಹೇಗೋ ನಡೆಯಬೇಕಲ್ವಾ? ಅದೇ ಯೋಚನೆ ನಿನ್ನೆಯಿಂದ ತಲೆಯಲ್ಲಿದೆ.

ಗ್ಲಾಸಿನಲ್ಲಿ ನೋಡಿದರೆ ಬಣ್ಣ ತೆಳು, ಅಂಚಿನಲ್ಲಿ ಸ್ವಲ್ಪ ಇಟ್ಟಿಗೆ ಕೆಂಪು. ಇದು ಮೃದುವಾಗಿರಬಹುದು ಅಂದುಕೊಂಡೆ. ಬಾಯಿಗೆ ಹಾಕಿದರೆ ಎಂಥಾ ಒಗರು! ನೇರಳೆ ಹಣ್ಣು ತಿಂದಾಗ ನಾಲಗೆ ಹಿಡಿದುಕೊಳ್ಳುತ್ತದಲ್ಲ, ಥೇಟ್ ಹಾಗೇ. ಕಡ್ಡಿಯಂಥ ಗ್ರಿಸ್ಸಿನಿ ಬ್ರೆಡ್ಡನ್ನೂ ಚೀಸನ್ನೂ ತಿಂದು ಮತ್ತೆ ಗುಟುಕರಿಸಿದಾಗ ಆ ಒಗರು ತಗ್ಗಿ, ಗುಲಾಬಿಯ ಘಮ ಬಂತು. ನಮ್ಮ 'ಒಗರು' ಪದ ಹೇಳಿಕೊಟ್ಟೆ. ಅಪ್ಪ ಎರಡು ಸಲ ಹೇಳಿ ನೋಡಿದರು, ಮಗಳು ಚೀಟಿಯಲ್ಲಿ ಬರೆದುಕೊಂಡರು.

ಒಂದು ಬಾಟಲಿ ತಗೊಂಡೆವು. ಇನ್ನೂ ಐದು ವರ್ಷ ತೆಗೆಯಬೇಡಿ, ಮಲಗಿಸಿಯೇ ಇಡಿ ಅಂದರು ಅಪ್ಪ.