ಶಟಲ್ಸ್‌ವರ್ತ್ ತೀರಿಕೊಂಡ ದಿನ ನಮ್ಮ ಡೆಸ್ಕ್

2011ರ ಅಕ್ಟೋಬರ್ 6, ವಿಜಯದಶಮಿ. ಹಿಂದಿನ ದಿನ ಆಯುಧಪೂಜೆಯ ರಜೆ, ಹಾಗಾಗಿ ಅವತ್ತು ನಮ್ಮ ಪತ್ರಿಕೆ ಬಂದಿರಲಿಲ್ಲ. ಎರಡು ದಿನದ ಸುದ್ದಿ ಒಟ್ಟಿಗೇ ಬಂದು ಬಿದ್ದಿತ್ತು, ಸುದ್ದಿ ತಿದ್ದಿ ಪುಟ ಕಟ್ಟುವ ನಮ್ಮ ಡೆಸ್ಕಿನಲ್ಲಿ ಅರ್ಧ ಜನ ಊರಿಗೆ ಹೋಗಿದ್ದರು. ಮುಖಪುಟ ಜಂಬೂಸವಾರಿಗೆ ಮೀಸಲು. ಬೆಳಗಿನ ಜಾವ ಸ್ಟೀವ್ ಜಾಬ್ಸ್ ನಿಧನದ ಸುದ್ದಿ ಬಂದಿತ್ತು. ಸಂಜೆ ನಾಲ್ಕೂವರೆ ಹೊತ್ತಿಗೆ ಸಾಹಿತ್ಯದ ನೊಬೆಲ್ ಸ್ವೀಡನ್ನಿನ ಕವಿ ಟ್ರಾನ್ಸ್‌ಟ್ರೋಮರ್‌ಗೆ ಅಂತ ಬಂತು. ವಿದೇಶ ಪುಟ ನನ್ನದು. ಅದರಲ್ಲೂ ಕಾಲುಭಾಗ ಹಬ್ಬದ ಜಾಹೀರಾತು.

ಏಜೆನ್ಸಿ ಕಾಪಿಗಳ ನಡುವೆ ಇನ್ನೊಂದು ನಿಧನ ವಾರ್ತೆ ಇತ್ತು. ಜಾಬ್ಸ್ ತೀರಿಕೊಂಡ ದಿನವೇ ಅಮೆರಿಕದ ಅಲಬಾಮಾ ರಾಜ್ಯದ ಬರ್ಮಿಂಗ್‌ಹ್ಯಾಮ್‌ನಲ್ಲಿ ಬ್ಯಾಪ್ಟಿಸ್ಟ್ ಪಾದ್ರಿ ಫ್ರೆಡ್ ಶಟಲ್ಸ್‌ವರ್ತ್ ಕಣ್ಣು ಮುಚ್ಚಿದ್ದರು. 89 ವರ್ಷ. ಇಂಟ್ರೊದಲ್ಲೇ, ಅಂದರೆ ಸುದ್ದಿಯ ಮೊದಲ ಸಾಲಿನಲ್ಲೇ, ‘ಮಾರ್ಟಿನ್ ಲೂಥರ್ ಕಿಂಗ್ ಒಡನಾಡಿ’ ಎಂದಿತ್ತು. ನಾನು ಕಾಲೇಜಿನ ಕಾಲದಿಂದ ಅಮೆರಿಕದ ಕರಿಯರ ನಾಗರಿಕ ಹಕ್ಕು ಚಳವಳಿಯ ಬಗ್ಗೆ ಓದುತ್ತ ಬಂದವಳು. ಹೆಸರು ಕಂಡ ಕೂಡಲೇ ಪುಟದ ನಕ್ಷೆಯಾದ ಡಮ್ಮಿಯಲ್ಲಿ ಡಬಲ್ ಕಾಲಂ, ಜೊತೆಗೊಂದು ಫೋಟೊ ಎಂದು ಗುರುತು ಹಾಕಿದೆ.

ಚೀಫ್ ಸಬ್ ಡಮ್ಮಿ ನೋಡಿದರು. ‘ಯಾರಮ್ಮ ಇವರು? ನಮ್ಮ ಓದುಗರಿಗೆ ಗೊತ್ತಾ?’

‘ಕಿಂಗ್ ಅವರನ್ನ ಬರ್ಮಿಂಗ್‌ಹ್ಯಾಮ್‌ಗೆ ಕರೆಸಿದ್ದೇ ಇವರು ಸರ್.’

‘ಹಾಗಾದ್ರೆ ಕಿಂಗ್ ಒಡನಾಡಿ ನಿಧನ ಅಂತ ಸಿಂಗಲ್ ಕಾಲಂ ಮಾಡು. ಹತ್ತು ಸಾಲು ಸಾಕು. ಜಾಬ್ಸ್ ಬಾಕ್ಸ್ ಮುಟ್ಟಬೇಡ.’

ಅವರು ಕೆಟ್ಟವರಲ್ಲ. ಕಾಪಿ ತಿದ್ದೋದನ್ನ ನನಗೆ ಕಲಿಸಿದವರೇ ಅವರು. ಆದರೆ ಗೊತ್ತಿರುವ ಹೆಸರಿಗೆ ಮಾತ್ರ ಜಾಗ ಅನ್ನುವ ಅಳತೆಗೋಲು ಅವರ ಕೈಯಲ್ಲಿತ್ತು, ಅದನ್ನು ಪ್ರಶ್ನಿಸುವಷ್ಟು ಹೊತ್ತು ನಮ್ಮಿಬ್ಬರಿಗೂ ಇರಲಿಲ್ಲ. ದೂರದ ಊರುಗಳಿಗೆ ಮೊದಲು ಹೋಗುವ ಡಾಕ್ ಎಡಿಷನ್ ಬಿಡೋದಕ್ಕೆ ಇಪ್ಪತ್ತು ನಿಮಿಷ ಇತ್ತು.

ಆ ಇಪ್ಪತ್ತು ನಿಮಿಷ ಇವತ್ತಿಗೂ ನೆನಪಿದೆ. ಬರೆದಿಟ್ಟ ಕಾಪಿಯಲ್ಲಿ ಯಾವುದನ್ನು ತೆಗೆಯುವುದು? ಶಟಲ್ಸ್‌ವರ್ತ್ 1953ರಲ್ಲಿ ಬರ್ಮಿಂಗ್‌ಹ್ಯಾಮ್‌ನ ಬೆಥೆಲ್ ಬ್ಯಾಪ್ಟಿಸ್ಟ್ ಚರ್ಚಿಗೆ ಪಾದ್ರಿಯಾಗಿ ಬಂದವರು. 1956ರ ಜೂನ್‌ನಲ್ಲಿ ಅಲಬಾಮಾದ ನ್ಯಾಯಾಲಯ ಕರಿಯರ ಹಕ್ಕುಗಳಿಗಾಗಿ ದುಡಿಯುತ್ತಿದ್ದ ಸಂಘಟನೆ ಎನ್‌ಎಎಸಿಪಿಯ ಚಟುವಟಿಕೆಗಳಿಗೆ ತಡೆ ಹಾಕಿದಾಗ, ಕೆಲವೇ ದಿನಗಳಲ್ಲಿ ಊರಿನ ಜನರನ್ನು ಸೇರಿಸಿ ಹೊಸದೊಂದು ಸಂಘಟನೆ ಕಟ್ಟಿದರು. ಪ್ರತಿ ಸೋಮವಾರ ರಾತ್ರಿ ಒಂದಲ್ಲ ಒಂದು ಚರ್ಚಿನಲ್ಲಿ ಸಭೆ. ಅದೇ ವರ್ಷ ಕ್ರಿಸ್‌ಮಸ್ ರಾತ್ರಿ ಅವರ ಮಲಗುವ ಕೋಣೆಯ ಅಡಿಯಲ್ಲೇ ಡೈನಮೈಟ್ ಸಿಡಿಯಿತು. ಮನೆ ಕುಸಿಯಿತು, ಅವರು ಎದ್ದು ಹೊರಗೆ ಬಂದರು. ಊರು ಬಿಟ್ಟು ಹೋಗಿ ಎಂದು ಪೊಲೀಸಿನವನೊಬ್ಬ ಹೇಳಿದ; ಮರುದಿನವೇ 200ಕ್ಕೂ ಹೆಚ್ಚು ಮಂದಿಯನ್ನು ಕಟ್ಟಿಕೊಂಡು, ಬಿಳಿಯರಿಗೆಂದು ಮೀಸಲಿದ್ದ ಬಸ್ ಸೀಟುಗಳಲ್ಲಿ ಕೂತರು. 1957ರ ಸೆಪ್ಟೆಂಬರ್‌ನಲ್ಲಿ ಮಕ್ಕಳನ್ನು ಬಿಳಿಯರ ಫಿಲಿಪ್ಸ್ ಹೈಸ್ಕೂಲಿಗೆ ಸೇರಿಸಲು ಹೋದಾಗ ಗುಂಪೊಂದು ಸರಪಳಿಯಿಂದ ಹೊಡೆಯಿತು, ಅವರ ಹೆಂಡತಿ ರೂಬಿಗೆ ಚೂರಿ ಹಾಕಿದರು.

ಬಾಂಬಿನ ಸಾಲು ಉಳಿಸಿದರೆ ಶಾಲೆಯದು ಹೋಗಬೇಕು, ಶಾಲೆಯದು ಉಳಿಸಿದರೆ ಬಾಂಬಿನದು ಹೋಗಬೇಕು. ಎರಡನ್ನೂ ಒಂದೇ ವಾಕ್ಯಕ್ಕೆ ತುರುಕಿ ನೋಡಿದೆ, ಓದಿದರೆ ಆಸ್ಪತ್ರೆಯ ಕೇಸ್‌ಶೀಟಿನ ಹಾಗಿತ್ತು. ಪುಟ ಜೋಡಿಸುವ ಪೇಜಿನೇಟರ್ ಹುಡುಗ ಪಕ್ಕದಲ್ಲೇ ನಿಂತು ‘ಮೇಡಂ, ಇನ್ನೂ ಎರಡು ಸಾಲು ಓವರ್’ ಅನ್ನುತ್ತಿದ್ದ. ಕೊನೆಗೆ ಶಾಲೆಯನ್ನು ಉಳಿಸಿದೆ. ತಾನು ಪೆಟ್ಟು ತಿನ್ನಲು ಸಿದ್ಧವಿರುವವರು ಸಿಗುತ್ತಾರೆ. ಮಕ್ಕಳ ಕೈ ಹಿಡಿದು ಆ ಗೇಟಿನವರೆಗೆ ಹೋಗುವ ತಂದೆತಾಯಿಯ ಧೈರ್ಯ ನನಗೆ ಅದಕ್ಕಿಂತ ದೊಡ್ಡದಾಗಿ ಕಂಡಿತು. 1963ರಲ್ಲಿ ಕಿಂಗ್‌ರನ್ನು ಒತ್ತಾಯ ಮಾಡಿ ಕರೆಸಿದ್ದು, ಆ ಮೇ ತಿಂಗಳಲ್ಲಿ ಅಗ್ನಿಶಾಮಕದವರ ನೀರಿನ ಹೊಡೆತಕ್ಕೆ ಸಿಕ್ಕಿ ಆಸ್ಪತ್ರೆ ಸೇರಿದ್ದು, ಇವೂ ಉಳಿದವು. ಒಹಾಯೊ ರಾಜ್ಯದ ಸಿನ್ಸಿನಾಟಿಯ ಬದುಕು ಪೂರ್ತಿ ಹೋಯಿತು. ಬರ್ಮಿಂಗ್‌ಹ್ಯಾಮ್‌ನ ಹೋರಾಟ ಬಿಡದೆಯೇ 1961ರಲ್ಲಿ ಅಲ್ಲಿನ ಚರ್ಚಿಗೆ ಹೋದವರು ಬಡವರು ಸ್ವಂತ ಮನೆ ಕೊಳ್ಳಲಿ ಎಂದು 1988ರಲ್ಲಿ ಒಂದು ಪ್ರತಿಷ್ಠಾನ ಶುರು ಮಾಡಿದ್ದರು, 2006ರವರೆಗೂ ಪಾದ್ರಿಯಾಗಿ ದುಡಿದಿದ್ದರು. ಬಾಂಬು, ಸರಪಳಿ ಯಾವುದೂ ಇಲ್ಲದ ಈ ದಶಕಗಳೇ ಕತ್ತರಿಗೆ ಮೊದಲು ಸಿಕ್ಕವು. ನೆರೆಹೊರೆಯವರು ಅವರನ್ನು ನೆನೆಯುವುದು ಬಹುಶಃ ಆ ವರ್ಷಗಳಿಗಾಗಿಯೇ.

ಶೀರ್ಷಿಕೆ ‘ನಾಗರಿಕ ಹಕ್ಕು ಹೋರಾಟಗಾರ ಪಾದ್ರಿ ನಿಧನ’ ಎಂದು ಕೊಟ್ಟು ಪುಟ ಬಿಟ್ಟೆ. ಸಿಟಿ ಎಡಿಷನ್‌ನಲ್ಲಿ ಅದು ‘ಕಿಂಗ್ ಒಡನಾಡಿ ನಿಧನ’ ಆಗಿತ್ತು. ಯಾರು ಬದಲಿಸಿದ್ದು ಎಂದು ಕೇಳಲಿಲ್ಲ.

ನೋವಾಗಿದ್ದು ಜಾಗ ಸಿಗಲಿಲ್ಲ ಎಂದಲ್ಲ. ಜಾಬ್ಸ್ ಸುದ್ದಿ ದೊಡ್ಡದೇ, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಬರ್ಮಿಂಗ್‌ಹ್ಯಾಮ್‌ಗೆ ಕಿಂಗ್ ಬಂದಾಗ ಶಟಲ್ಸ್‌ವರ್ತ್ ಅಲ್ಲಿ ಏಳು ವರ್ಷದಿಂದ ಸಂಘಟನೆ ನಡೆಸುತ್ತಿದ್ದರು. ಅದರ ಬಲದ ಮೇಲೆಯೇ ಆ ಚಳವಳಿ ನಡೆದದ್ದು. ಅಂಥವರನ್ನು ಇನ್ನೊಬ್ಬರ ಹೆಸರಿನ ಬಾಲವಾಗಿ ಪರಿಚಯಿಸಿದರೆ ಓದುಗರಿಗೆ ತಪ್ಪು ಚರಿತ್ರೆಯನ್ನೇ ಕೊಟ್ಟಂತೆ. ಪರವಾನಗಿ ಇಲ್ಲದೆ ಮೆರವಣಿಗೆ ಮಾಡಿದರೆಂದು ಅವರಿಗೆ ಕೊಟ್ಟ ಶಿಕ್ಷೆಯನ್ನು ಅಮೆರಿಕದ ಸುಪ್ರೀಂ ಕೋರ್ಟ್ 1969ರಲ್ಲಿ ರದ್ದು ಮಾಡಿತು; ಆ ಪ್ರಕರಣ ಇರುವುದು ಅವರ ಹೆಸರಲ್ಲೇ. 2008ರಲ್ಲಿ ಬರ್ಮಿಂಗ್‌ಹ್ಯಾಮ್‌ನ ವಿಮಾನ ನಿಲ್ದಾಣಕ್ಕೂ ಅವರ ಹೆಸರಿಟ್ಟರು.

ಇನ್ನೊಂದು ಮಾತು ಆಡಳಿತದವರಿಗೆ. ನಿಧನ ವಾರ್ತೆಗೆ ಮೊದಲೇ ಕಾಪಿ ಸಿದ್ಧಪಡಿಸಿ ಇಡಲು ಜನ ಕೊಡಿ ಎಂದು ನಾವು ಕೇಳುತ್ತಲೇ ಬಂದಿದ್ದೇವೆ. ಸಿನಿಮಾ ನಟರು, ಮಾಜಿ ಮುಖ್ಯಮಂತ್ರಿಗಳ ಕಾಪಿ ಸಿದ್ಧವಿರುತ್ತದೆ. ಉಳಿದವರದ್ದನ್ನು ಡೆಡ್‌ಲೈನಿನಲ್ಲಿ ಏಜೆನ್ಸಿಯ ಇಂಟ್ರೊ ನಂಬಿ ಮಾಡಬೇಕು. ಈಗಂತೂ ಡೆಸ್ಕಿನ ಟಿವಿ ಪರದೆಯಲ್ಲಿ ಹಿಟ್ಸ್, ಅಂದರೆ ವೆಬ್‌ಸೈಟಿನಲ್ಲಿ ಯಾವ ಸುದ್ದಿಯನ್ನು ಎಷ್ಟು ಜನ ನೋಡಿದರು ಎಂಬ ಲೆಕ್ಕ, ಓಡುತ್ತಿರುತ್ತದೆ, ಯಾರ ಸಾವು ಎಷ್ಟು ಓಡಿತು ಎಂದು ಮೀಟಿಂಗ್‌ನಲ್ಲಿ ಕೇಳುತ್ತಾರೆ. ಆ ಪ್ರಶ್ನೆ ನನಗೆ ಸಂಕಟ ತರುತ್ತದೆ.

ಆಗಿನಿಂದ ಇಂಥ ಕಾಪಿಗಳಿಗೆಂದು ನನ್ನದೇ ಒಂದು ಫೋಲ್ಡರ್ ಇಟ್ಟಿದ್ದೇನೆ. 2020ರ ಜುಲೈ 17ರಂದು ಅದೇ ಚಳವಳಿಯ ನಾಯಕರಾದ ಜಾನ್ ಲೂಯಿಸ್ ಮತ್ತು ಸಿ.ಟಿ. ವಿವಿಯನ್ ಒಂದೇ ದಿನ ತೀರಿಕೊಂಡರು. ಕೋವಿಡ್ ಕಾಲ, ಎಲ್ಲರೂ ಮನೆಯಿಂದ ಕೆಲಸ. ಡೆಸ್ಕ್ ಗ್ರೂಪಿನಲ್ಲಿ ‘ವಿವಿಯನ್‌ರನ್ನ ಲೂಯಿಸ್ ಕಾಪಿಯ ಕೊನೆಗೆ ಸೇರಿಸಿ’ ಎಂದು ಮೆಸೇಜ್ ಬಂತು. ಸೇರಿಸಲ್ಲ, ಬೇರೆ ಕಾಪಿ ಸಿದ್ಧ ಇದೆ ಎಂದು ಬರೆದೆ. 1965ರಲ್ಲಿ ಅಲಬಾಮಾದ ಸೆಲ್ಮಾ ಊರಿನ ಕೋರ್ಟ್ ಮೆಟ್ಟಿಲ ಮೇಲೆ, ಮತದಾರರ ಪಟ್ಟಿಗೆ ಹೆಸರು ಸೇರಿಸಲು ಬಂದವರ ಪರವಾಗಿ ಅಲ್ಲಿನ ಪೊಲೀಸ್ ಅಧಿಕಾರಿ ಶೆರಿಫ್‌ನ ಮುಂದೆ ನಿಂತು ಮಾತಾಡಿ ಮುಖಕ್ಕೆ ಗುದ್ದು ತಿಂದ ಬ್ಯಾಪ್ಟಿಸ್ಟ್ ಪಾದ್ರಿ ಅಂತಲೇ ಇಂಟ್ರೊ ಇತ್ತು. ಡಬಲ್ ಕಾಲಂ ಹೋಯಿತು, ಫೋಟೊ ಸಮೇತ. ಕಿಂಗ್ ಹೆಸರು ಬಂದದ್ದು ಮೂರನೇ ಪ್ಯಾರಾದಲ್ಲಿ.