ಕೊಯ್ಲು ಮುಗಿಸಿ ಅಂಡಮಾನಿನ ಸೀತಾಪುರದ ಕಡಲಿಗೆ ಹೊರಡುವವರಿಗೆ

ರೋಬಸ್ಟಾ ಕೊಯ್ಲು ಮುಗಿದು, ಕಣದ ಕಾಫಿ ಚೀಲ ಸೇರಿ, ಕಾಫಿ ಹೂ ಅರಳಿಸುವ ಹೂಮಳೆಯೂ ಬಂದುಹೋದ ಮೇಲೆ ಕೊಡಗಿನ ತೋಟದ ಮನೆಗಳಿಗೆ ಒಂದಷ್ಟು ದಿನ ಬಿಡುವು. ಅಂಡಮಾನಿನ ಸಮುದ್ರ ಸಾಮಾನ್ಯವಾಗಿ ಶಾಂತವಾಗಿರುವುದೂ ಆಗಲೇ. ಏಪ್ರಿಲ್ ದಾಟಿಸಬೇಡಿ, ಮುಂಗಾರು ಅಲ್ಲಿಗೆ ನಮಗಿಂತ ಮೊದಲೇ ತಲುಪುತ್ತದೆ.

ಜನಜಂಗುಳಿ ಬೇಡ ಅನ್ನುವವರಿಗೆ ಶಹೀದ್ ದ್ವೀಪ ಒಳ್ಳೆಯದು. 2018ರವರೆಗೆ ಅದರ ಹೆಸರು ನೀಲ್ ದ್ವೀಪ. ಹಡಗುಕಟ್ಟೆಯ ಪಕ್ಕದ ಭರತ್‌ಪುರದಲ್ಲಿ ದೋಣಿಗಳ ಗದ್ದಲ. ಅಲ್ಲಿಂದ ಸುಮಾರು 5 ಕಿ.ಮೀ. ಪೂರ್ವಕ್ಕೆ, ತರಕಾರಿ ಹೊಲ, ತೆಂಗು, ಅಡಿಕೆ ದಾಟಿದರೆ ಸೀತಾಪುರ. ಊರಿನವರ ಮನೆಮಾತು ಬಂಗಾಳಿ, ಹಿಂದಿಯಲ್ಲಿ ಮಾತಾಡಿದರೆ ನಡೆಯುತ್ತದೆ. ಹೊಲದ ನಡುವೆ ಅಡ್ಡ ಹಾಯಬೇಡಿ.

ಹೋಗುವ ಹೊತ್ತನ್ನು ಉಬ್ಬರ ಇಳಿತ ನೋಡಿಯೇ ಗೊತ್ತುಮಾಡಬೇಕು. ನಮ್ಮ ಹೊಳೆ ಮಳೆ ಬಂದರೆ ಏರುತ್ತದೆ, ಆಕಾಶ ನೋಡಿದರೆ ತಿಳಿಯುತ್ತದೆ. ಸಮುದ್ರ ಹಾಗಲ್ಲ, ಬಿಸಿಲಿದ್ದರೂ ಏರುತ್ತದೆ. ಅದರ ಲೆಕ್ಕ ಚಂದ್ರನದು. ಹುತ್ತರಿ ಸುಗ್ಗಿಹಬ್ಬದ ಕದಿರು ತೆಗೆಯಲು ಹುಣ್ಣಿಮೆ ನೋಡುವ ನಮಗೆ ಇದು ಕಷ್ಟವಲ್ಲ: ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ಏರಿಳಿತ ಅತಿ ಹೆಚ್ಚು, ಅಲ್ಲಿ ಸುಮಾರು 2 ಮೀಟರ್. ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಇವತ್ತಿನ ಹೊತ್ತಿಗಿಂತ ನಾಳೆ ಸುಮಾರು 50 ನಿಮಿಷ ತಡ.

ಸೀತಾಪುರದ ಮರಳಿನ ತುದಿಯಲ್ಲಿ ಸುಣ್ಣಕಲ್ಲಿನ ಬಂಡೆಗಳಿವೆ, ಬುಡದಲ್ಲಿ ಗುಹೆಗಳಿವೆ. ಉಬ್ಬರದಲ್ಲಿ ನೀರು ಆ ಬಂಡೆಗೇ ಬಡಿಯುತ್ತದೆ. ನೀರು ಪೂರ್ತಿ ಇಳಿಯುವ ಹೊತ್ತಿಗೆ ಎರಡು ಗಂಟೆ ಮೊದಲು ನಡೆಯಲು ಶುರುಮಾಡಿ, ಪೂರ್ತಿ ಇಳಿದ ಹೊತ್ತಿಗೆ ವಾಪಸು ತಿರುಗಿಬಿಡಿ. ಇನ್ನೂ ನೀರು ದೂರವಿದೆಯಲ್ಲ ಅಂತ ಕೂತರೆ ಅಲ್ಲೇ ತಪ್ಪುವುದು. ಮೊದಲ ಗಂಟೆಯಲ್ಲಿ ನೀರು ಏರುವುದು ಒಟ್ಟು ಎತ್ತರದ ಹನ್ನೆರಡರಲ್ಲಿ ಒಂದು ಪಾಲು ಮಾತ್ರ, ಎರಡನೆಯದರಲ್ಲಿ ಎರಡು ಪಾಲು. ಮೂರು, ನಾಲ್ಕನೇ ಗಂಟೆಯಲ್ಲಿ ಮೂರು ಮೂರು ಪಾಲು. ಅಂದರೆ ಹುಣ್ಣಿಮೆಯ ದಿನ ಆ ಎರಡು ಗಂಟೆಯಲ್ಲೇ ಒಂದು ಮೀಟರ್!

ಮರಳ ಮೇಲೆ ಒಣಗಿದ ಕಡಲಪಾಚಿ, ಎಲೆ, ಕಡ್ಡಿ ಒಂದೇ ಗೆರೆಯಾಗಿ ಬಿದ್ದಿರುತ್ತದೆ. ಹಿಂದಿನ ಉಬ್ಬರ ಮುಟ್ಟಿದ ಗುರುತು ಅದು. ಚೀಲ, ಚಾಪೆ ಏನಿದ್ದರೂ ಅದಕ್ಕಿಂತ ಮೇಲಿಡಿ. ತೆಂಗಿನ ಮರದ ಬುಡದಲ್ಲಿ ಮಾತ್ರ ಬೇಡ.

ಹವಾಯಿ ಚಪ್ಪಲಿ ಉಪಯೋಗಕ್ಕೆ ಬಾರದು, ಅಲೆ ಎಳೆದುಕೊಂಡು ಹೋಗುತ್ತದೆ. ದಾರ ಕಟ್ಟುವ ಹಳೆಯ ಕ್ಯಾನ್ವಾಸ್ ಶೂ ತನ್ನಿ. ಸತ್ತ ಹವಳ ತುರಿಮಣೆಯ ಹಲ್ಲಿನ ಹಾಗೆ ಕೊಯ್ಯುತ್ತದೆ, ಚೂರು ಒಳಗೇ ಉಳಿದರೆ ಗಾಯ ಕೀವಾಗುತ್ತದೆ. ಕುಡಿಯುವ ನೀರು ಮತ್ತು ಸೋಪಿನಿಂದ ತೊಳೆದು, ಚೂರು ತೆಗೆದು, ಆಮೇಲೆ ಮುಲಾಮು ಹಚ್ಚಿ. ಬದುಕಿರುವ ಹವಳದ ಮೇಲಂತೂ ಕಾಲಿಡಲೇಬೇಡಿ. ಒಂದು ಹೆಜ್ಜೆಗೆ ಮುರಿದದ್ದು ಮತ್ತೆ ಬೆಳೆಯಲು ವರ್ಷಗಳು ಬೇಕು. ಹವಳದ ಚೂರನ್ನು ನೆನಪಿಗೆಂದು ಚೀಲಕ್ಕೆ ಹಾಕಿಕೊಳ್ಳುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ.

ಕಡಲು ಪೂರ್ವಕ್ಕೆ ಪೂರ್ತಿ ತೆರೆದಿರುವುದರಿಂದ ಅಲೆ ಜೋರು, ಇದು ಈಜುವ ಜಾಗವಲ್ಲ. ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ತೊರೆಗಳ ಹತ್ತಿರ ಮೊಸಳೆ ಭಯವೂ ಇದೆ, ಎಲ್ಲೇ ನೀರಿಗಿಳಿದರೂ ಊರಿನವರನ್ನು ಕೇಳಿ. ತಲೆಗೆ 2 ಲೀಟರ್ ನೀರು ಇರಲಿ. ಗಡಿಯಾರ ನಮ್ಮದೇ ಆದರೂ ಕತ್ತಲು ಮಡಿಕೇರಿಗಿಂತ ಒಂದು ಗಂಟೆಗೂ ಹೆಚ್ಚು ಮೊದಲೇ ಆಗುತ್ತದೆ. ಏಪ್ರಿಲ್‌ನಲ್ಲಿ ಐದೂವರೆಯ ಸುಮಾರಿಗೆ ಸೂರ್ಯ ಮುಳುಗಿರುತ್ತಾನೆ.

ಗಾಳಿ ಜೋರಾದರೆ ಹಡಗು ರದ್ದು. ಆದ್ದರಿಂದ ಬೆಂಗಳೂರಿನ ವಿಮಾನಕ್ಕೆ ಒಂದು ಪೂರ್ತಿ ದಿನ ಮೊದಲೇ ಶ್ರೀ ವಿಜಯಪುರಂ, ಅಂದರೆ ಹಳೆಯ ಪೋರ್ಟ್ ಬ್ಲೇರ್, ತಲುಪಿಕೊಳ್ಳಿ.