ತಣ್ಣಗಿನ ಎಂಜಿನ್

ವಿದೇಶದಿಂದ ಆಮದಾದ ಹಳೆಯ ಮೋಟಾರ್‌ಸೈಕಲ್ ಒಂದನ್ನು ನೋಡಲು ಇಂದು ಅದರ ಮಾಲೀಕರ ಮನೆಗೆ ಹೋಗಿದ್ದೆ. ನಾನು ಬರುವವರೆಗೆ ಸ್ಟಾರ್ಟ್ ಮಾಡಬೇಡಿ ಎಂದು ಮೊದಲೇ ಕೇಳಿಕೊಂಡಿದ್ದೆ. ಏಕೆಂದರೆ ಎಂಜಿನ್ ಒಳಗಿನ ಸರಪಳಿಯಾದ ಕ್ಯಾಮ್ ಚೈನಿನ ಸದ್ದು, ನೀಲಿ ಹೊಗೆ, ಸುಲಭವಾಗಿ ಸ್ಟಾರ್ಟ್ ಆಗದ ತೊಂದರೆ, ಇವೆಲ್ಲ ಎಂಜಿನ್ ಬಿಸಿಯಾದ ಮೇಲೆ ಮರೆಯಾಗಿಬಿಡಬಹುದು. ಹೋದೊಡನೆ ಕೈಯಿಟ್ಟು ನೋಡಿದೆ, ತಣ್ಣಗಿತ್ತು. ಮಾರುವವರ ಮೇಲೆ ಗೌರವ ಮೂಡಿತು.

ಹೆಚ್ಚು ಹೊತ್ತು ಕಳೆದದ್ದು ಹ್ಯಾಂಡಲ್ ಬುಡದಲ್ಲಿ ಒತ್ತಿರುವ ಚಾಸಿ ಸಂಖ್ಯೆಯ ಮುಂದೆ. ಜಪಾನಿನಲ್ಲೇ ಮಾರಲೆಂದು ತಯಾರಾದ ಗಾಡಿಗಳಲ್ಲಿ ಅದರ ಅಕ್ಷರ, ಅಂಕಿಗಳು ಕಡಿಮೆ ಇರುತ್ತವೆ. ಇದರಲ್ಲಿ 17 ಅಕ್ಷರ, ಅಂಕಿಗಳಿದ್ದವು. ಅಂಥ ಸಂಖ್ಯೆಯಲ್ಲಿ ಐ, ಓ, ಕ್ಯೂ ಅಕ್ಷರಗಳು ಬರಕೂಡದೆಂಬುದನ್ನು ನೆನಪಿಟ್ಟುಕೊಂಡು, ಉಜ್ಜಿದ ಗುರುತಿದೆಯೇ ಎಂದು ಟಾರ್ಚ್ ಹಿಡಿದು ಪರೀಕ್ಷಿಸಿ, ನೋಂದಣಿ ಪತ್ರ ಹಾಗೂ ಆಮದು ಸುಂಕದ ದಾಖಲೆಗಳೊಂದಿಗೆ ಒಂದೊಂದಾಗಿ ಹೋಲಿಸಿದೆ. ಒಬ್ಬರು ವರ್ಷಗಟ್ಟಲೆ ಪ್ರೀತಿಯಿಂದ ಓಡಿಸಿದ ಗಾಡಿಯನ್ನು ಅವರೆದುರೇ ಹೀಗೆ ತಡಕಾಡುವಾಗ ಮನಸ್ಸಿಗೆ ಮುಜುಗರವಾಯಿತು, ಆದರೆ ಅವರೇ ಟಾರ್ಚ್ ಹಿಡಿದು ನಿಂತರು.

ಮುಂದಿನ ಚಕ್ರವನ್ನು ಹಿಡಿದಿರುವ ಫೋರ್ಕಿನ ಸೀಲುಗಳಲ್ಲಿ ಎಣ್ಣೆ ಜಿನುಗಿರಲಿಲ್ಲ. ಟೈರಿನ ಬದಿಯಲ್ಲಿ 2317 ಎಂದಿತ್ತು, ಅಂದರೆ 2017ರ 23ನೇ ವಾರ. ಸವೆದಿಲ್ಲವಾದರೂ ರಬ್ಬರ್ ಗಡುಸಾಗಿದೆ, ಬದಲಿಸಲೇಬೇಕು. ಈ ಮಾದರಿಯ ಬಿಡಿಭಾಗಗಳು ಸಿಗುತ್ತವೆಯೇ ಎಂದು ವಿಚಾರಿಸುವವರೆಗೆ ಮುಂಗಡ ಕೊಡಲಾರೆನೆಂದು ತಿಳಿಸಿ ಬಂದಿದ್ದೇನೆ.